ಗೋಕಾಕದ ನೆರೆಗೆ ವಿಮೆ: ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ



ಗೋಕಾಕಕ್ಕೆ ದೊಡ್ಡ ನೆರೆ ಬರುವುದು ಊರಿನ ಮಳೆಯಿಂದಲ್ಲ, ಹೊಳೆಯ ಮೇಲ್ಭಾಗದ ಮಳೆಯಿಂದ. ಘಟಪ್ರಭೆಯ ಹಿಡಕಲ್ ಜಲಾಶಯವೂ ಮಾರ್ಕಂಡೇಯದ ಶಿರೂರ ಜಲಾಶಯವೂ ತುಂಬಿ ಒಂದೇ ಹೊತ್ತಿಗೆ ನೀರು ಬಿಟ್ಟರೆ ಲೋಳಸೂರ ಸೇತುವೆ ಮುಳುಗುತ್ತದೆ, ಹೊಳೆ ದನದ ಪೇಟೆ, ಕುಂಬಾರ ಓಣಿಗಳಿಗೆ ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ನಗರ ಅನುಭವಿಸಿದ್ದು ಇಂಥದ್ದೇ ನೆರೆ.

ಆ ವರ್ಷ ನೀರು ಹೊಕ್ಕ ಮನೆಗೆ ತಕ್ಷಣದ ನೆರವಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆ ಕಟ್ಟಿಕೊಳ್ಳಲು 5 ಲಕ್ಷ ರೂಪಾಯಿ ಘೋಷಣೆಯಾಯಿತು. ಕೇಂದ್ರದ ಮಾನದಂಡಕ್ಕಿಂತ ಇದು ಎಷ್ಟೋ ಹೆಚ್ಚು, ಮೆಚ್ಚಬೇಕಾದ ಮಾತೇ. ಆದರೆ ಈ ಪರಿಹಾರ ಅಳೆಯುವುದು ಮುಖ್ಯವಾಗಿ ಗೋಡೆಯನ್ನು. ಗೋಡೆ ನಿಂತು ಸಾಮಾನು ಹಾಳಾದರೆ ಸಿಗುವುದು ಅಲ್ಪ. ಕರದಂಟು ಮಾಡುವವರ ಅಂಗಡಿಯನ್ನೇ ನೋಡಬಹುದು: ನೀರು ಇಳಿದ ಮೇಲೆ ಕಟ್ಟಡ ಗಟ್ಟಿಯಾಗಿಯೇ ಇರುತ್ತದೆ, ಒಳಗೆ ಬೆಲ್ಲ ಕರಗಿ, ಅಂಟು, ಉತ್ತತ್ತಿ, ಗೋಡಂಬಿಯ ಚೀಲಗಳು ರಾಡಿಯಲ್ಲಿ ಬಿದ್ದಿರುತ್ತವೆ. ಹೋದದ್ದು ಮುಂದಿನ ವ್ಯಾಪಾರದ ಬಂಡವಾಳ.

ವಿಮೆ ತುಂಬಬೇಕಾದ ಜಾಗ ಇದು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ನೆರೆಯೂ ಸೇರಿದೆ. ಬಾಡಿಗೆದಾರರು ಸಾಮಾನಿಗಷ್ಟೇ ವಿಮೆ ಮಾಡಿಸಬಹುದು. 5 ಕೋಟಿ ರೂಪಾಯಿವರೆಗಿನ ಆಸ್ತಿಯ ಸಣ್ಣ ಉದ್ಯಮಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಇದೆ. ಓಣಿಗಳಲ್ಲಿ ಇವುಗಳ ಹೆಸರು ಕೇಳಿದವರು ಸಿಗುವುದೇ ಕಷ್ಟ. ಬ್ಯಾಂಕ್ ಸಾಲದ ಜೊತೆ ವಿಮೆ ಇದ್ದರೂ ಅದರಲ್ಲಿ ಏನಿದೆ, ಏನಿಲ್ಲ ಎಂದು ಹೇಳುವವರಿಲ್ಲ.

ಹಾಗೆಂದು ಎಲ್ಲರೂ ಪಾಲಿಸಿ ಕೊಳ್ಳಲಿ ಎಂದರೆ ಸಾಲದು. ಹೊಳೆದಂಡೆಯವರು ಮಾತ್ರ ಕೊಂಡರೆ ನಷ್ಟ ಹಂಚಿಕೊಳ್ಳಲು ಬೇರೆಯವರಿರುವುದಿಲ್ಲ, ಪ್ರೀಮಿಯಂ ಬಡವರ ಕೈಗೆಟುಕುವುದಿಲ್ಲ. ಬ್ರಿಟನ್‌ನಲ್ಲಿ 2016ರಲ್ಲಿ ಆರಂಭವಾದ ‘ಫ್ಲಡ್ ರೀ’ ಇದಕ್ಕೆ ದಾರಿ ತೋರಿಸಿದೆ. ಮನೆ ವಿಮೆ ಮಾರುವ ಕಂಪನಿಗಳಿಂದ ಸುಂಕ ಪಡೆದು, ನೆರೆಯ ಅಪಾಯವಿರುವ ಮನೆಗಳ ಪ್ರೀಮಿಯಂ ತಗ್ಗಿಸಲಾಗುತ್ತದೆ. 2009ರಿಂದೀಚೆಗೆ ಕಟ್ಟಿದ ಮನೆಗೆ ಈ ಸೌಲಭ್ಯವಿಲ್ಲ. ಗೋಕಾಕಕ್ಕೆ ಹೆಚ್ಚು ಬೇಕಾದ ಪಾಠ ಈ ಕೊನೆಯ ಷರತ್ತಿನಲ್ಲೇ ಇದೆ: ಹಳೆಯ ಓಣಿಗಳಿಗೆ ಆಸರೆ ಕೊಡಬೇಕು, ನೆರೆಜಾಗದಲ್ಲಿ ಹೊಸ ಲೇಔಟ್‌ಗೆ ಆಸೆ ಹುಟ್ಟಿಸಬಾರದು. ಅದಕ್ಕಾಗಿ 2019ರಲ್ಲಿ ನೀರು ನಿಂತ ಎತ್ತರವನ್ನು ಸರ್ವೆ ನಕ್ಷೆಯಲ್ಲಿ ಗುರುತಿಸಿ ನಗರಸಭೆಗೆ ಕೊಡಬೇಕು. ಆ ರೇಖೆಯೊಳಗೆ ಭೂಪರಿವರ್ತನೆ ನಿಲ್ಲಬೇಕು.

ಹಳೆಯ ಓಣಿಗಳಿಗೆ ಸರ್ಕಾರವೇ ಸಾಮೂಹಿಕ ಪಾಲಿಸಿ ಕೊಂಡು ಪ್ರೀಮಿಯಂನಲ್ಲಿ ಪಾಲು ಹಾಕಬಹುದು. ನಾಗಾಲ್ಯಾಂಡ್ ಸರ್ಕಾರ ಕೊಂಡಿರುವ ವಿಪತ್ತು ವಿಮೆಯಲ್ಲಿ ಮಳೆ ನಿಗದಿತ ಪ್ರಮಾಣ ಮೀರಿದರೆ ಹಣ ಬರುತ್ತದೆ, ಮನೆಮನೆ ತಪಾಸಣೆಗೆ ಕಾಯಬೇಕಿಲ್ಲ. ಗೋಕಾಕದಲ್ಲಿ ಮಳೆಯ ಬದಲು ಲೋಳಸೂರ ಸೇತುವೆಯ ಬಳಿಯ ನೀರಿನ ಮಟ್ಟವನ್ನೇ ಅಳತೆಯಾಗಿ ಇಟ್ಟುಕೊಳ್ಳುವುದು ಸೂಕ್ತ, ಏಕೆಂದರೆ ಊರಲ್ಲಿ ಹನಿ ಮಳೆ ಇಲ್ಲದ ದಿನವೂ ಹೊಳೆ ಏರಬಹುದು.

ತಾವೇ ಪಾಲಿಸಿ ಕೊಂಡವರಿಗೆ ನೆರವಾಗುವ, ಖರ್ಚಿಲ್ಲದ ಕೆಲಸವೂ ಒಂದಿದೆ. ನೆರೆ ಇಳಿದ ಮೇಲೆ ಗ್ರಾಮ ಆಡಳಿತಾಧಿಕಾರಿ ಮಾಡುವ ಪಂಚನಾಮೆಯಲ್ಲಿ ಸಾಮಾನಿನ ಪಟ್ಟಿಯೂ ಇರಲಿ. ಅದರ ಪ್ರತಿ, ಫೋಟೊ ಸಮೇತ, ಅಂದೇ ಮನೆಯವರ ಕೈಗೆ ಸಿಗಲಿ. ವಿಮಾ ಸರ್ವೇಯರ್ ಬರುವ ಹೊತ್ತಿಗೆ ರಾಡಿ ತೊಳೆದು, ಕೆಟ್ಟ ಸಾಮಾನು ತಿಪ್ಪೆಗೆ ಹಾಕಿ ಆಗಿರುತ್ತದೆ. ಆಗ ಕ್ಲೇಮ್‌ಗೆ ಬಲ ಕೊಡುವ ದಾಖಲೆ ಆ ಪಂಚನಾಮೆಯೊಂದೇ.