ನೆಲ ಕೊರೆಯುವ ಯಂತ್ರವೂ ನಮ್ಮ ಪಗಾರವೂ

ಶಿರೂರು ಎಂದೊಡನೆ ನಮ್ಮ ಓದುಗ ಬಂಧುಗಳಲ್ಲಿ ಕೆಲವರಿಗೆ ಬೈಂದೂರಿನ ಬಳಿಯ ಶಿರೂರು, ಕೆಲವರಿಗೆ ಬಾಗಲಕೋಟೆ ಕಡೆಯ ಶಿರೂರು ನೆನಪಾದೀತು. ನಾವಿಲ್ಲಿ ಹೇಳಹೊರಟಿರುವುದು ಪುಣೆ ಜಿಲ್ಲೆಯ ಶಿರೂರಿನ ಮಾತು. ಪುಣೆಯಿಂದ ಅಹಮದನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ, ಹೋಗುವ ಹೆದ್ದಾರಿಯಲ್ಲಿ ಘೋಡ ನದಿಯ ದಂಡೆಯ ಮೇಲಿರುವ ಊರು ಅದು. ಹತ್ತಿರದ ರಾಂಜಣಗಾವಿನಲ್ಲಿ ಗಣಪತಿಯ ಗುಡಿಯೂ ಇದೆ, ದೊಡ್ಡ ಕೈಗಾರಿಕಾ ವಸಾಹತೂ ಇದೆ. ಈ ರಸ್ತೆಯ ಹೋಟೆಲುಗಳಲ್ಲಿ ದೋಸೆ ಹೊಯ್ಯುವ ಕೈಗಳು ಯಾವ ಸೀಮೆಯಿಂದ ಬಂದವೆಂಬುದನ್ನು ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅಂಥದೊಂದು ಹೋಟೆಲಿನಲ್ಲಿ ಬೇಸಿಗೆಯ ಒಂದು ರಾತ್ರಿ ನಾವು ಚಹಾಕ್ಕೆ ಕುಳಿತಿದ್ದೆವು. ಬೋರ್ ಲಾರಿಯೊಂದು ಬಂದು ನಿಂತಿತು. ಅದರಿಂದ ಇಳಿದ ಆಳುಗಳ ಹುಬ್ಬು ಮೀಸೆಗಳೆಲ್ಲ ಕಲ್ಲಿನ ಧೂಳಿನಿಂದ ಬೂದಿ ಬಳಿದಂತಿದ್ದವು. ಚಹಾ ತಂದಿಟ್ಟ ಹುಡುಗ ಅವರನ್ನು ಮೊದಲು ಕೇಳಿದ್ದು, "ಅಡಿಗೆ ಏನು ದರ?" ಎಂದು. ಹುಡುಗ ಇಂಡಿ ತಾಲೂಕಿನವನು. ಎರಡು ವರ್ಷದ ಉಳಿತಾಯವನ್ನೂ ಮಾಲಿಕರಿಂದ ಪಡೆದ ಮುಂಗಡವನ್ನೂ ಊರಿಗೆ ಕಳಿಸಿ ಎರಡು ಬೋರು ಹಾಕಿಸಿದ್ದ. ಎರಡರಲ್ಲೂ ಮೇಲೆ ಬಂದದ್ದು ಬರೀ ಧೂಳು. ಈಗ ಮೂರನೆಯದಕ್ಕೆ ದರ ವಿಚಾರಿಸುತ್ತಿದ್ದ.

ಆ ಹುಡುಗನಿಗೆ ಯಾರೂ ಹೇಳದಿದ್ದ ಒಂದು ಸಂಗತಿಯಿದೆ. ಅವನು ನಿಂತಿದ್ದ ಶಿರೂರಿನ ಕಲ್ಲೂ ಅವನ ಹೊಲದ ಕಲ್ಲೂ ಒಂದೇ ಕುಲದವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸ, ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿದಂತೆ ಪದರ ಪದರವಾಗಿ ಹೆಪ್ಪುಗಟ್ಟಿ ಆದ ಕರಿಗಲ್ಲು ಇದು. ಸಹ್ಯಾದ್ರಿಯಿಂದ ವಿಜಾಪುರ, ಕಲಬುರ್ಗಿ, ಬೀದರಗಳವರೆಗೂ ಹಬ್ಬಿದೆ. ಈ ಕಲ್ಲಿನಲ್ಲಿ ನೀರು ನಿಲ್ಲುವುದು ಮೇಲಿನ ಸವೆದ ಭಾಗದಲ್ಲಿ, ಬಿರುಕುಗಳಲ್ಲಿ, ಒಂದು ಪದರ ಮುಗಿದು ಇನ್ನೊಂದು ಆರಂಭವಾಗುವ ಸಂದಿನಲ್ಲಿ. ಗಟ್ಟಿ ಕಲ್ಲಿನೊಳಗೆ ನೀರಿಗೆ ಜಾಗವೇ ಇಲ್ಲ. ಆದುದರಿಂದ "ಇನ್ನೂ ನೂರಡಿ ಹೋದರೆ ಗಂಗೆ ಸಿಕ್ಕಾಳು" ಎಂಬ ಮಾತು ಈ ಸೀಮೆಯಲ್ಲಿ ಬಹಳ ಸಲ ಸುಳ್ಳಾಗುತ್ತದೆ. ಸುಳ್ಳಾದರೂ ಲಾರಿಯವನಿಗೆ ನಷ್ಟವಿಲ್ಲ. ಅವನ ಲೆಕ್ಕ ನೀರಿಗಲ್ಲ, ಅಡಿಗೆ. ಆಳಕ್ಕೆ ಹೋದಂತೆ ಅಡಿಯ ದರವೂ ಏರುತ್ತದೆ.

ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಯಂತ್ರದ ಮುಂದೆ ನಿಂತು ದುಡಿದವರಿಗೆ ಅದರ ಬೆಲೆ ಗೊತ್ತು. ಹಿಂದೆ ಹಾರೆ, ಸುತ್ತಿಗೆ, ಸಿಡಿಮದ್ದಿನಿಂದ ತಿಂಗಳುಗಟ್ಟಲೆ ತೋಡುತ್ತಿದ್ದ ಬಾವಿಯ ಆಳವನ್ನು ಈ ಲಾರಿ ಒಂದೇ ದಿನದಲ್ಲಿ ದಾಟುತ್ತದೆ. ಒತ್ತಿದ ಗಾಳಿ ಕೊಳವೆಯೊಳಗಿಂದ ಇಳಿದು, ತಳದಲ್ಲಿರುವ ಸುತ್ತಿಗೆಯನ್ನು ಕುಣಿಸುತ್ತದೆ. ಆ ಸುತ್ತಿಗೆ ಟಂಗ್‌ಸ್ಟನ್ ಕಾರ್ಬೈಡಿನ ಗುಂಡಿಗಳುಳ್ಳ ಮೂತಿಗೆ ಬಡಿಯುತ್ತದೆ. ಅದೇ ಗಾಳಿ ಕಲ್ಲಿನ ಪುಡಿಯನ್ನು ಹೊತ್ತು ಮೇಲೆ ಬರುತ್ತದೆ. 1966–67ರ ಬಿಹಾರದ ಬರಗಾಲದಲ್ಲಿ ಯುನಿಸೆಫ್ ಸಂಸ್ಥೆ ಇಂಥ ಯಂತ್ರಗಳನ್ನು ವಿಮಾನದಲ್ಲಿ ತರಿಸಿಕೊಟ್ಟಿತು. 1972ರ ಮಹಾರಾಷ್ಟ್ರದ ಬರವನ್ನು ಕಂಡವರಿಗೆ ಕುಡಿಯುವ ನೀರಿನ ಒಂದು ಕೊಡದ ಬೆಲೆಯೂ ಗೊತ್ತು.

ಬೋರಿನ ಬಿಲ್ಲಿನಲ್ಲಿ 'ಕೇಸಿಂಗ್' ಎಂಬ ಬಾಬು ಇರುತ್ತದಲ್ಲ, ಅದರ ಹಿಂದೆಯೂ ಒಂದು ಕಥೆಯಿದೆ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಎಡ್ವಿನ್ ಡ್ರೇಕ್ ಎಂಬಾತ ಎಣ್ಣೆಗಾಗಿ ನೆಲ ಕೊರೆಯುತ್ತಿದ್ದಾಗ ತೂತಿನ ಗೋಡೆ ಕುಸಿಯತೊಡಗಿತು. ಆತ ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಹೊಡೆದಿಳಿಸಿ ಅದರೊಳಗಿಂದ ಕೊರೆಸಿದ. ಸುಮಾರು 69 ಅಡಿಯಲ್ಲಿ ಎಣ್ಣೆ ಸಿಕ್ಕಿತು. ಕೊರೆಯುವ ಕೆಲಸ ಮಾಡಿದವನು ಒಬ್ಬ ಕಮ್ಮಾರ. ಡ್ರೇಕ್ ಈ ಉಪಾಯಕ್ಕೆ ಪೇಟೆಂಟು ಮಾಡಿಸಲಿಲ್ಲ. ಜಗತ್ತಿಗೆಲ್ಲ ಎಣ್ಣೆಯ ಐಶ್ವರ್ಯದ ದಾರಿ ತೋರಿಸಿ, ಮುಪ್ಪಿನಲ್ಲಿ ರಾಜ್ಯಸರ್ಕಾರದ ಪಿಂಚಣಿಯಿಂದ ಜೀವಿಸಿದ.

ನಮಗೆ ಹೆಚ್ಚು ಹೆಮ್ಮೆಯ ಸಂಗತಿ ಮನೆಯ ಹತ್ತಿರದ್ದೇ ಇದೆ. ಗಿರಣಿಗಳ ಊರು, ಕನ್ನಡಿಗರ ಊರು ಸೊಲ್ಲಾಪುರ. ಎಪ್ಪತ್ತರ ದಶಕದಲ್ಲಿ ಹಳ್ಳಿಗಳಲ್ಲಿ ನೆಟ್ಟ ಎರಕದ ಕಬ್ಬಿಣದ ಕೈಪಂಪುಗಳಲ್ಲಿ ಬಹುಪಾಲು ಕೆಟ್ಟು ನಿಂತಿದ್ದವು. ಒಂದು ಮನೆಯವರಿಗಾಗಿ ಮಾಡಿದ ಪಂಪನ್ನು ಇಡೀ ಊರು ಬೆಳಗಿನಿಂದ ರಾತ್ರಿಯವರೆಗೆ ಒತ್ತಿದರೆ ಮತ್ತೇನಾದೀತು! ಆಗ ಗಟ್ಟಿಯಾಗಿ ನಿಂತದ್ದು ಸೊಲ್ಲಾಪುರದ ಕೆಲಸಮನೆಯಲ್ಲಿ ಮೂಡಿದ ಉಕ್ಕಿನ ಪಂಪು. ಹಿಡಿಕೆಗೆ ಬೇರಿಂಗು, ಸರಳನ್ನು ನೆಟ್ಟಗೆ ಎಳೆಯಲು ಸರಪಳಿ. ಅದನ್ನೇ ತಳಹದಿಯಾಗಿಟ್ಟುಕೊಂಡು ಯುನಿಸೆಫ್, ಸರ್ಕಾರಿ ಸಂಸ್ಥೆಗಳು ಮತ್ತು ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಂಪನಿ ಸೇರಿ 'ಇಂಡಿಯಾ ಮಾರ್ಕ್ 2' ಪಂಪನ್ನು ರೂಪಿಸಿದರು. ಅದರ ನಕ್ಷೆಗೆ ಯಾರೂ ಒಡೆಯರಿಲ್ಲ. ಆಫ್ರಿಕದ ಹಳ್ಳಿಗಳಲ್ಲೂ ಹೆಂಗಸರು ಇಂದಿಗೂ ಅದನ್ನು ಒತ್ತಿ ನೀರು ತುಂಬುತ್ತಾರೆ.

ನೆಲದೊಳಗೆ ನೀರು, ಎಣ್ಣೆ ಮಾತ್ರವಲ್ಲ, ಶಾಖವೂ ಇದೆ. ಗಣೇಶಪುರಿಗೆ ನಿತ್ಯಾನಂದ ಸ್ವಾಮಿಗಳ ದರ್ಶನಕ್ಕೆ ಹೋದವರು ಅಲ್ಲಿಯ ಬಿಸಿನೀರ ಕುಂಡದಲ್ಲಿ ಮಿಂದಿದ್ದಾರೆ. ಪುತ್ತೂರಿನವರಿಗೆ ಇರ್ದೆಯ ಬೆಂದ್ರ್ ತೀರ್ಥ ಗೊತ್ತು. ಇಟಲಿಯ ಲಾರ್ದೆರೆಲ್ಲೊದಲ್ಲಿ 1904ರಲ್ಲೇ ನೆಲದ ಉಗಿಯಿಂದ ಐದು ವಿದ್ಯುದ್ದೀಪ ಬೆಳಗಿಸಿದರು. ನಮ್ಮಲ್ಲಿ ಲಡಾಖಿನ ಪೂಗಾ ಕಣಿವೆಯಲ್ಲಿ ಇಂಥ ವಿದ್ಯುತ್ತಿಗಾಗಿ ಓಎನ್‌ಜಿಸಿ 2021ರಲ್ಲಿ ಒಪ್ಪಂದ ಮಾಡಿಕೊಂಡಿತು. ಕೊಯ್ನಾದಲ್ಲಿ ಭೂಕಂಪದ ಅಭ್ಯಾಸಕ್ಕೆಂದು ಇದೇ ಕರಿಗಲ್ಲನ್ನು ತೂರಿ ಮೂರು ಕಿಲೋಮೀಟರು ಆಳ ಕೊರೆದಿದ್ದಾರೆ. ಇವೆಲ್ಲ ದೇಶದ ಬೊಕ್ಕಸದಿಂದ ನಡೆಯುವ ಪ್ರಯೋಗಗಳು; ತೂತು ಬರಿದಾದರೂ ವಿದ್ಯೆ ಉಳಿಯುತ್ತದೆ. ಹೋಟೆಲ್ ಹುಡುಗನ ತೂತು ಬರಿದಾದರೆ ಉಳಿಯುವುದು ಸಾಲ. ನೀರು ಸಿಕ್ಕಿದರೂ, ಮೂರು ಪಟ್ಟು ಆಳದಿಂದ ಎತ್ತಲು ಕಡಿಮೆಯೆಂದರೂ ಮೂರು ಪಟ್ಟು ವಿದ್ಯುತ್ತು ಬೇಕು.

ಕೈಯಲ್ಲಿ ಕಾಸಿಲ್ಲದ ಕೂಲಿಕಾರನೂ ನೀರು ತಂದದ್ದಿದೆ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಅಡಿಕೆ, ತೆಂಗಿನ ತೋಟಗಳಲ್ಲಿ ದುಡಿಯುತ್ತಿದ್ದವರು. ದಿನದ ಕೆಲಸ ಮುಗಿಸಿ ಬಂದು ಗುಡ್ಡಕ್ಕೆ ಅಡ್ಡಲಾಗಿ ಒಬ್ಬರೇ ಸುರಂಗ ತೋಡಿದರು. ಮೊದಲಿನ ಕೆಲವು ಬರಿದಾದವು. ಬಿಡದೆ ತೋಡಿ ನೀರು ಕಂಡರು. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಹರಿದು ಬರುತ್ತದೆ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗವು ಕಾಸರಗೋಡು, ದಕ್ಷಿಣ ಕನ್ನಡದ ಮುರಕಲ್ಲಿನ ಗುಡ್ಡಗಳಿಗೆ ಒಪ್ಪುವ ವಿದ್ಯೆ. ಶಿರೂರಿನ ಬಯಲಿಗೂ ಇಂಡಿಯ ಬಯಲಿಗೂ ಆಗದು. ಅಲ್ಲಿಗೆ ಒಡ್ಡು, ಹೊಂಡ, ಮಳೆನೀರನ್ನು ಇಂಗಿಸುವ ಕೆಲಸವೇ ಬೇಕು.

ಕಾನೂನೂ ಇದನ್ನು ಸ್ವಲ್ಪ ಅರಿತಿದೆ. ಮಹಾರಾಷ್ಟ್ರದ 2009ರ ಅಂತರ್ಜಲ ಕಾಯಿದೆ 60 ಮೀಟರಿಗೂ ಆಳವಾದ ಬಾವಿಗಳನ್ನು ಬೇರೆಯಾಗಿ ಗುರುತಿಸಿ ನಿರ್ಬಂಧ ಹಾಕಿತು. ಕಾಗದದ ಕಾಯಿದೆ ರಾತ್ರಿಯ ಲಾರಿಯನ್ನು ಎಷ್ಟರಮಟ್ಟಿಗೆ ತಡೆಯುತ್ತದೆಂಬುದು ಬೇರೆ ಮಾತು. ಹಣ ಕಳಿಸುವ ಮುನ್ನ ನಮ್ಮವರು ಮಾಡಬಹುದಾದದ್ದು ಇಷ್ಟು: ಕರ್ನಾಟಕದ ಅಂತರ್ಜಲ ಇಲಾಖೆಗೆ ಜಿಲ್ಲಾ ಕಚೇರಿಗಳಿವೆ, ಅಲ್ಲಿ ಭೂವಿಜ್ಞಾನಿಗಳಿದ್ದಾರೆ, ಮೊದಲು ಅವರನ್ನು ಕೇಳಲಿ. ಅಕ್ಕಪಕ್ಕದ ಹೊಲಗಳಲ್ಲಿ ಎಷ್ಟು ಅಡಿಗೆ ನೀರು ಬಂತು, ಎಷ್ಟು ಬೋರು ಬತ್ತಿದವು ಎಂದು ಬರೆದಿಟ್ಟುಕೊಳ್ಳಲಿ. ಎಷ್ಟು ಅಡಿಗೆ ನಿಲ್ಲಿಸಬೇಕೆಂಬುದನ್ನು ಯಂತ್ರ ಶುರುವಾಗುವ ಮುನ್ನವೇ ನಿಶ್ಚಯಿಸಲಿ. ಧೂಳು ಹಾರುತ್ತಿರುವಾಗ ಯಾರಿಗೂ ಬುದ್ಧಿ ನೆಟ್ಟಗಿರುವುದಿಲ್ಲ.

ಇನ್ನು, ಬರಿದಾದ ತೂತು. 2024ರ ಏಪ್ರಿಲಿನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ, ಆಗಷ್ಟೇ ಕೊರೆದು ನೀರು ಬಾರದೆ ಬಿಟ್ಟಿದ್ದ ಕೊಳವೆಬಾವಿಗೆ ಎರಡು ವರ್ಷದ ಮಗುವೊಂದು ಬಿದ್ದಿತು. ಸುಮಾರು ಇಪ್ಪತ್ತು ಗಂಟೆ ಪಕ್ಕದ ನೆಲ ಅಗೆದು ಅದನ್ನು ಜೀವಸಹಿತ ಹೊರತೆಗೆದರು. 2017ರಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಬಿದ್ದ ಆರು ವರ್ಷದ ಹುಡುಗಿ ಉಳಿಯಲಿಲ್ಲ. ಬಿಟ್ಟ ಬೋರನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು ಕಲ್ಲುಗಳಿಂದ ತುಂಬಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ಆಜ್ಞೆ ಮಾಡಿದೆ. ಶಿರೂರಿನ ಆ ಹುಡುಗನನ್ನು ಹೊರಡುವಾಗ ಕೇಳಿದೆವು: "ನಿನ್ನ ಆ ಎರಡು ಬೋರಿನ ಬಾಯಿ ಮುಚ್ಚಿದೆಯೇನಪ್ಪ?" ಅವನು ಕೈಯಲ್ಲಿದ್ದ ಲೋಟಗಳನ್ನು ಅಲ್ಲೇ ಮೇಜಿನ ಮೇಲಿಟ್ಟು ಮನೆಗೆ ಫೋನು ಹಚ್ಚಿದ.