ಅಪ್ಪನ ಯೆಜ್ಡಿ ಪುಣೆಗೆ ಬಂತು
1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ, ಅಪ್ಪನ ಯೆಜ್ಡಿ. ಕಳೆದ ತಿಂಗಳು ಧಾರವಾಡದಿಂದ ಛೋಟಾ ಹಾಥಿಯಲ್ಲಿ ಹಾಕಿಕೊಂಡು ಬಂದೆ. ಡ್ರೈವರ್ ಸೈಡ್ ಸ್ಟ್ಯಾಂಡ್ ಹಾಕಿ, ನೈಲಾನ್ ಹಗ್ಗ ಸುತ್ತಿ, 'ಏನೂ ಆಗಂಗಿಲ್ರಿ' ಅಂದ. ನಾನೂ ನಂಬಿದೆ. ಸಂಕೇಶ್ವರದ ಹತ್ತಿರ ನೋಡಿದರೆ ಎಡಕ್ಕೆ ವಾಲಿ, ಟ್ಯಾಂಕ್ ತಗ್ಗಾಗಿತ್ತು. ಅಪ್ಪ ದಿನಾ ಒರೆಸುತ್ತಿದ್ದ ಟ್ಯಾಂಕ್!

ನಿಪ್ಪಾಣಿಯಲ್ಲಿ ರ‍್ಯಾಚೆಟ್ ಬೆಲ್ಟ್ ಕೊಂಡು ನಾನೇ ಕಟ್ಟಿದೆ. ಸ್ಟ್ಯಾಂಡ್ ಎತ್ತಿ, ಮುಂದಿನ ಗಾಲಿಯನ್ನು ಕ್ಯಾಬಿನ್ ಕಡೆಯ ತಗಡಿಗೆ ಒತ್ತಿ ನಿಲ್ಲಿಸಿ, ಹ್ಯಾಂಡಲ್ ಬುಡದಿಂದ ಎರಡೂ ಬದಿಗೆ ಬೆಲ್ಟನ್ನು ಮುಂದಕ್ಕೆ, ಕೆಳಕ್ಕೆ ಎಳೆದೆ. ಫೋರ್ಕ್ ಅರ್ಧ ಕುಗ್ಗಿದರೆ ಸಾಕು; ಪೂರ್ತಿ ಜಗ್ಗಿದರೆ ಆಯಿಲ್ ಸೀಲ್ ಹಾಳಾಗಬಹುದು. ಹಿಂದೆ ಇನ್ನೆರಡು ಬೆಲ್ಟ್. ಚಹಾಕ್ಕೆ ನಿಂತಲ್ಲೆಲ್ಲ ಮುಟ್ಟಿ ನೋಡಿದೆ. ಕಾತ್ರಜ್ ದಾಟಿದರೂ ಅಲುಗಲಿಲ್ಲ.

ಅಪ್ಪನಿಗೆ ಫೋಟೋ ಕಳಿಸಿದ್ದೇನೆ. ಬಲಬದಿಯದ್ದು ಮಾತ್ರ.