ಚೆನ್ನಮ್ಮನ ವೇಷ, ಮುತ್ತೈದೆಯ ಕುಂಭ

ಅಕ್ಟೋಬರ್ 23 ಬಂತೆಂದರೆ ಕಿತ್ತೂರಿನಲ್ಲಿ ಉತ್ಸವ. ನಮ್ಮಂಥ ಊರುಗಳಲ್ಲೂ ಮೆರವಣಿಗೆ. ಜರಿ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ರಟ್ಟಿನ ಕತ್ತಿ ಹಿಡಿದು ಹುಡುಗಿಯರು ಚೆನ್ನಮ್ಮ ಆಗುತ್ತಾರೆ. ನೋಡಲು ಚೆಂದವೇ. ಆದರೆ ಅವರ ಕೊರಳಿಗೆ ಬಾಡಿಗೆಯ ತಾಳಿ, ಕೈತುಂಬ ಹಸಿರು ಬಳೆ ತೊಡಿಸುವುದನ್ನು ಕಂಡಾಗಲೆಲ್ಲ ನನಗೆ ಕೇಳಬೇಕೆನಿಸುತ್ತದೆ: ಇದು ಯಾವ ಚೆನ್ನಮ್ಮ?

ಮಲ್ಲಸರ್ಜ ತೀರಿಕೊಂಡದ್ದು 1816ರಲ್ಲಿ. ಕಿತ್ತೂರಿನವರು ಥ್ಯಾಕರೆಯ ಸೈನ್ಯವನ್ನು ಸೋಲಿಸಿದ್ದು 1824ರಲ್ಲಿ. ದತ್ತಕವನ್ನು ಕಂಪನಿ ಸರಕಾರ ಒಪ್ಪದಿದ್ದಾಗ ಎದುರು ನಿಂತವಳು ಗಂಡನನ್ನು ಕಳೆದುಕೊಂಡು ಎಂಟು ವರ್ಷವಾಗಿದ್ದ ಹೆಣ್ಣುಮಗಳು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಪ್ರಾಣ ಬಿಟ್ಟಳು.

ಅಂಥವಳ ಹೆಸರಿನ ಮೆರವಣಿಗೆಗೆ ಕುಂಭ ಹೊರಲು ‘ಮುತ್ತೈದೆಯರೇ ಬರಬೇಕು’ ಎಂದು ಹೇಳಿಕಳಿಸುತ್ತಾರೆ! ಗಂಡ ತೀರಿದ ನನ್ನ ಅಕ್ಕ ಪ್ರತಿವರ್ಷ ಬಾಗಿಲಲ್ಲಿ ನಿಂತು ನೋಡುತ್ತಾಳೆ. ರಾಣಿಯೇ ಎದ್ದು ಬಂದರೂ ಅವಳ ತಲೆಯ ಮೇಲೆ ಈ ಕುಂಭ ಇಡುವವರಿಲ್ಲ.

‘ಶಾಸ್ತ್ರ, ಏನು ಮಾಡೋಣ’ ಎನ್ನುವವರಿದ್ದಾರೆ. ಇದು ದೇವರ ತೇರಲ್ಲ, ನಾಡಿನ ಹಬ್ಬ. ಇಲ್ಲಿಯ ಪದ್ಧತಿ ನಾವು ಮಾಡಿಕೊಂಡದ್ದು, ನಾವೇ ಬದಲಿಸಬೇಕು. ಮಹಿಳಾ ಮಂಡಳದ ಅಕ್ಕತಂಗಿಯರೇ, ಈ ಸಲ ಕುಂಭದ ಪಟ್ಟಿ ಬರೆಯುವಾಗ ಮೊದಲ ಹೆಸರು ವಿಧವೆಯದಾಗಿರಲಿ. ಅದಕ್ಕೂ ಧೈರ್ಯ ಸಾಲದಿದ್ದರೆ ಚೆನ್ನಮ್ಮನ ವೇಷ ಪೆಟ್ಟಿಗೆಯಲ್ಲೇ ಇರಲಿ.